ನಿಂತ ವಾಹನದ ಲೆಕ್ಕ

ಓಡುವ ವಾಹನಕ್ಕೆ ಖರ್ಚುಂಟೆಂಬುದನ್ನು ಎಲ್ಲರೂ ಬಲ್ಲರು. ಇಂಧನ, ಟಯರು, ಚಾಲಕನ ಸಂಬಳ, ವಿಮೆ ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ಸಾಲುಸಾಲಾಗಿ ಕಾಣುತ್ತವೆ. ನಿಂತ ವಾಹನಕ್ಕೂ ಖರ್ಚುಂಟೆಂಬುದು ಮಾತ್ರ ಯಾವ ಪುಸ್ತಕದಲ್ಲಿಯೂ ಕಾಣುವುದಿಲ್ಲ. ವಾಣಿಜ್ಯಶಾಸ್ತ್ರ ಓದಿ ನಾಲ್ಕು ದಶಕಗಳ ಕಾಲ ಕಾರ್ಕಳದಲ್ಲಿ ವ್ಯಾಪಾರ ನಡೆಸಿದ ನನಗೆ ಸವಕಳಿ ಎಂಬ ಶಬ್ದ ಹೊಸತೇನಲ್ಲ. ಆದರೆ ವರ್ಷಾಂತ್ಯದಲ್ಲಿ ಶೇಕಡಾ ಇಷ್ಟೆಂದು ಕಳೆದುಬಿಡುವ ಸವಕಳಿ ಬೇರೆ; ಕಣ್ಣೆದುರಿಗೇ ದಿನದಿನವೂ ನಡೆಯುತ್ತಿದ್ದು ಕಣ್ಣಿಗೆ ಬೀಳದಿರುವ ಸವಕಳಿ ಬೇರೆ. ಈ ಎರಡನೆಯದರ ಬಗೆಗೆ, ಅದರಲ್ಲಿಯೂ ಮಳೆಗಾಲದಲ್ಲಿ ನಿಲ್ಲಿಸಿಟ್ಟ ವಾಹನದ ಬ್ಯಾಟರಿಯ ಬಗೆಗೆ, ಕೆಲವು ಮಾತುಗಳನ್ನು ಸಮಾಜಬಾಂಧವರ ಮುಂದೆ ಇಡಬಯಸುತ್ತೇನೆ. ವಿಷಯ ಮೇಲ್ನೋಟಕ್ಕೆ ಕ್ಷುಲ್ಲಕವೆಂದು ತೋರಬಹುದು. ಅದರ ಕೊನೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ನೋಡಿದರೆ ಹಾಗೆ ತೋರದು.

ನಮ್ಮ ಕರಾವಳಿಯಲ್ಲಿ ಜೂನ್ ತಿಂಗಳು ಬಂತೆಂದರೆ ನಿಲ್ಲುವ ಕಾಲ ಬಂತೆಂದೇ ಅರ್ಥ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಮಲ್ಪೆಯ ಬಂದರಿನಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಸರಕಾರದ ನಿಷೇಧಕ್ಕೆ ಒಳಪಟ್ಟು ಲಂಗರು ಹಾಕಿ ನಿಲ್ಲುತ್ತವೆ. ಕಾಪು, ಮಲ್ಪೆಗಳ ಕಡಲತೀರಕ್ಕೆ ಪ್ರವಾಸಿಗರನ್ನು ತರುವ ಬಾಡಿಗೆ ವ್ಯಾನುಗಳಿಗೆ ಕೆಲಸ ಕಡಿಮೆ. ಮುಂಬಯಿಯಲ್ಲಿಯೋ ಗಲ್ಫ್ ದೇಶಗಳಲ್ಲಿಯೋ ನೆಲೆಸಿರುವವರು ಮೇ ತಿಂಗಳ ರಜೆ ಮುಗಿಸಿ ಮರಳುವಾಗ ಊರಮನೆಯ ಕಾರನ್ನು ಶೆಡ್ಡಿಗೆ ಸೇರಿಸಿ, ಮೇಲೊಂದು ಹೊದಿಕೆ ಎಳೆದು, ಬೀಗದಕೈಯನ್ನು ನೆರೆಯವರ ಕೈಗಿಟ್ಟು ಹೋಗುತ್ತಾರೆ. ಮುನಿಗಳು ಒಂದೆಡೆ ನೆಲೆನಿಲ್ಲುವ ಚಾತುರ್ಮಾಸದಲ್ಲಿ ನಮ್ಮ ಶ್ರಾವಕರೂ ತೀರ್ಥಯಾತ್ರೆಗಳನ್ನು ಆದಷ್ಟು ಕಡಿಮೆ ಮಾಡುವುದು ವಾಡಿಕೆ. ಹೀಗಾಗಿ ಟ್ರಸ್ಟುಗಳ ಯಾತ್ರಾವಾಹನಗಳೂ ನಿಲ್ಲುತ್ತವೆ. ಇನ್ನು 2020ರ ಸಂಗತಿಯನ್ನು ಮರೆತವರಾರು? ಆ ವರ್ಷ ಮಾರ್ಚ್ 25ರಿಂದ ದೇಶವೇ ನಿಂತಿತು. ಲಾಕ್‌ಡೌನಿಗೆಂದು ಶೆಡ್ಡು ಸೇರಿದ ನಮ್ಮ ಕಡೆಯ ಎಷ್ಟೋ ವಾಹನಗಳು ಹೊರಗೆ ಬರುವ ಮೊದಲೇ ಮಳೆಗಾಲಕ್ಕೆ ಸಿಕ್ಕಿಬಿದ್ದವು.

ನಮ್ಮ ಕುಟುಂಬದಲ್ಲಿಯೂ ಅಂತಹ ಒಂದು ವಾಹನವಿದೆ. ಹತ್ತು ಜನ ಕುಳಿತುಕೊಳ್ಳಬಹುದಾದ ಡೀಸೆಲ್ ವ್ಯಾನು. ಹಿಂಬದಿಯಲ್ಲಿ ವೃದ್ಧರು ಮಲಗಲು ಎರಡು ಹಲಗೆ, ಸೂರ್ಯಾಸ್ತಕ್ಕೆ ಮೊದಲೇ ಅಡಿಗೆ ಮುಗಿಸಿಕೊಳ್ಳಲು ಒಂದು ಒಲೆ, ಮೂರು ದೀಪ, ಎರಡು ಫ್ಯಾನು, ನೀರೆತ್ತುವ ಒಂದು ಚಿಕ್ಕ ಪಂಪು. ಮೂಡಬಿದಿರೆ, ಹುಂಚ, ಶ್ರವಣಬೆಳಗೊಳಗಳಿಗೆ ಇದರಲ್ಲಿಯೇ ಹೋಗಿಬರುತ್ತೇವೆ. 2024ರಲ್ಲಿ ವೇಣೂರಿನ ಮಹಾಮಸ್ತಕಾಭಿಷೇಕಕ್ಕೂ ಇದರಲ್ಲಿಯೇ ಹೋದೆವು. ಈ ವ್ಯಾನಿನಲ್ಲಿ ಎರಡು ಬ್ಯಾಟರಿಗಳಿವೆ. ಒಂದು ಎಂಜಿನನ್ನು ಎಬ್ಬಿಸುವುದಕ್ಕೆ, ಇನ್ನೊಂದು ಹಿಂಬದಿಯ ದೀಪ, ಫ್ಯಾನುಗಳಿಗೆ. ಮೇ ತಿಂಗಳ ಕೊನೆಗೆ ವಾಹನ ಶೆಡ್ಡು ಸೇರಿದರೆ ಮತ್ತೆ ಹೊರಡುವುದು ನವರಾತ್ರಿಯ ಹೊತ್ತಿಗೆ. ನಡುವಿನ ನಾಲ್ಕು ತಿಂಗಳು ಅದರ ಕಾವಲು ನನ್ನದು.

ಸೀಸ ಮತ್ತು ಗಂಧಕಾಮ್ಲಗಳಿಂದಾದ ಈ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತಾನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದನು. ಅಂದಿನಿಂದ ಇಂದಿನವರೆಗೆ ಇದರ ಸ್ವಭಾವ ಒಂದೇ. ಬಳಸದಿದ್ದರೂ ಇದು ಬರಿದಾಗುತ್ತದೆ. ಬರಿದಾಗುವ ದಾರಿಗಳು ಎರಡು. ಮೊದಲನೆಯದು ಒಳಗಿನ ದಾರಿ. ತಂತಿ ಕಳಚಿಟ್ಟರೂ ಬ್ಯಾಟರಿ ತನ್ನೊಳಗಿನ ರಾಸಾಯನಿಕ ಕ್ರಿಯೆಯಿಂದ ತಿಂಗಳಿಗೆ ನೂರಕ್ಕೆ ಸುಮಾರು ಮೂರರಿಂದ ಐದು ಪಾಲನ್ನು ಕಳೆದುಕೊಳ್ಳುತ್ತದೆ. ಹಳೆಯದಾದರೆ ಇನ್ನೂ ಹೆಚ್ಚು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ನಷ್ಟ ಸುಮಾರು ಇಮ್ಮಡಿಯಾಗುತ್ತದೆ. ಎರಡನೆಯದು ಹೊರಗಿನ ದಾರಿ. ಇಂದಿನ ವಾಹನಗಳಲ್ಲಿ ಗಡಿಯಾರ, ಬೀಗದ ಯಂತ್ರ, ಕಳ್ಳರನ್ನು ತಡೆಯುವ ಗಂಟೆ, ಎಂಜಿನಿನ ಕಂಪ್ಯೂಟರು ಇವು ಕೀಲಿ ತೆಗೆದ ಮೇಲೆಯೂ ಎಚ್ಚರವಾಗಿಯೇ ಇದ್ದು ಸದಾ ಒಂದಿಷ್ಟು ವಿದ್ಯುತ್ತನ್ನು ಹೀರುತ್ತಿರುತ್ತವೆ.

ಒಂದಿಷ್ಟು ಎಂದರೆ ಎಷ್ಟು? ವ್ಯಾಪಾರಿಗೆ ಒಂದಿಷ್ಟು ಎಂಬ ಮಾತು ಸಾಲದು, ಅಂಕಿ ಬೇಕು. ಮೂವತ್ತು ಮಿಲಿ ಆಂಪಿಯರ್ ಎಂದು ಹಿಡಿಯೋಣ. ಇದು ದೋಷವಿಲ್ಲದ ವಾಹನದಲ್ಲಿ ಸಾಮಾನ್ಯವಾಗಿ ಕಾಣುವ ಮೊತ್ತ. ದಿನಕ್ಕೆ 24 ಗಂಟೆಯಂತೆ ಗುಣಿಸಿದರೆ 0.72 ಆಂಪಿಯರ್-ಗಂಟೆ. ನಮ್ಮ ವ್ಯಾನಿನ ಬ್ಯಾಟರಿಯ ಸಾಮರ್ಥ್ಯ 75 ಆಂಪಿಯರ್-ಗಂಟೆ. ಅದರ ಅರ್ಧ ಕರಗಲು 52 ದಿನ ಸಾಕು. ಜೂನ್ 1ರಂದು ತುಂಬಿಸಿಟ್ಟದ್ದು ಜುಲೈ ಮೂರನೆಯ ವಾರ ಕಳೆಯುವಷ್ಟರಲ್ಲಿ ಅರ್ಧಕ್ಕಿಳಿಯುತ್ತದೆ. ಒಳಗಿನ ನಷ್ಟವನ್ನೂ ಸೇರಿಸಿದರೆ ಇನ್ನೂ ಮೊದಲೇ. ನಾಲ್ಕು ತಿಂಗಳಿಗೆ ಬೇಡಿಕೆ 87 ಆಂಪಿಯರ್-ಗಂಟೆಯನ್ನು ಮೀರುತ್ತದೆ, ಇರುವುದು 75. ಹೊರಟಾಗ ಕೈಯಲ್ಲಿದ್ದುದಕ್ಕಿಂತ ದಾರಿಯ ಖರ್ಚು ಹೆಚ್ಚಾದ ಯಾತ್ರಿಕನ ಸ್ಥಿತಿ ಇದು.

ಬರಿದಾದರೆ ಮತ್ತೆ ತುಂಬಿಸಿದರಾಯಿತಲ್ಲ ಎಂದು ಕೇಳಬಹುದು. ತೊಡಕು ಇರುವುದು ಇಲ್ಲಿಯೇ. ಬ್ಯಾಟರಿ ಬರಿದಾಗುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಎಂಬ ಲವಣ ಕೂಡುತ್ತದೆ. ಆಗಲೇ ಚಾರ್ಜು ಮಾಡಿದರೆ ಅದು ಕರಗಿ ಮೊದಲಿನಂತಾಗುತ್ತದೆ. ವಾರಗಟ್ಟಲೆ ಬಿಟ್ಟರೆ ದೊಡ್ಡ ಹರಳುಗಳಾಗಿ ಗಟ್ಟಿಯಾಗಿ ಕುಳಿತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಆ ಪಾಲು ಮರಳುವುದಿಲ್ಲ. ಐದಾರು ವರ್ಷ ಬಾಳಬೇಕಾದ ಬ್ಯಾಟರಿ ಎರಡು ಮಳೆಗಾಲಗಳಿಗೆ ಸೋತು ಗುಜರಿಗೆ ಹೋಗುವ ಕಾರಣ ಬಹುಮಟ್ಟಿಗೆ ಇದೇ. ತಡವಾಗಿ ಕಟ್ಟಿದ ಬಾಕಿ ಸಾಲವನ್ನು ತೀರಿಸಬಹುದು, ಕಳೆದ ಹೆಸರನ್ನು ತರಲಾರದು ಎಂದು ನಮ್ಮ ಹಿರಿಯರು ಅಂಗಡಿಯಲ್ಲಿ ಹೇಳುತ್ತಿದ್ದ ಮಾತು ಇಲ್ಲಿಗೂ ಒಪ್ಪುತ್ತದೆ.

ಆದುದರಿಂದ ನಾನು ಪ್ರತಿ ಭಾನುವಾರ ಬೆಳಿಗ್ಗೆ ಬಸದಿಯಿಂದ ಬಂದ ಬಳಿಕ ಶೆಡ್ಡಿಗೆ ಹೋಗಿ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗಳಿಗೆ ಮುಟ್ಟಿಸಿ, ಬಂದ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಹಲವು ಗಂಟೆ ವಿಶ್ರಾಂತಿಯಲ್ಲಿದ್ದ ಬ್ಯಾಟರಿ 12.6ರಿಂದ 12.7 ವೋಲ್ಟು ತೋರಿದರೆ ಪೂರ್ಣ ತುಂಬಿದೆಯೆಂದು ತಿಳಿಯಬೇಕು. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಪಾಲು. ಪೂರ್ಣಕ್ಕೂ ಅರ್ಧಕ್ಕೂ ನಡುವೆ ಅರ್ಧ ವೋಲ್ಟಿನಷ್ಟೂ ಅಂತರವಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ತೋರಿಸುತ್ತಿದೆಯಲ್ಲ, ಸರಿಯಾಗಿಯೇ ಇದೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು. 12.4ಕ್ಕೆ ಇಳಿದೊಡನೆ ಚಾರ್ಜಿಗೆ ಹಚ್ಚುವುದು ನಾನು ಇಟ್ಟುಕೊಂಡ ನಿಯಮ. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಕೋಶಗಳ ಆಮ್ಲದ ಸಾಂದ್ರತೆಯನ್ನು ಬೇರೆಬೇರೆಯಾಗಿ ನೋಡಬಹುದು. ಐದು ಕೋಶಗಳು ಒಂದೇ ಅಂಕಿ ಹೇಳಿ ಆರನೆಯದು ತೀರ ಕೆಳಗಿದ್ದರೆ ರೋಗ ಎಲ್ಲಿದೆಯೆಂಬುದು ತಿಳಿಯಿತು.

ನಮ್ಮ ಊರಿನ ಬ್ಯಾಟರಿ ಅಂಗಡಿಯ ಮೆಕ್ಯಾನಿಕ್ ಒಬ್ಬರು ನನ್ನ ಪುಸ್ತಕವನ್ನು ಕಂಡು ನಕ್ಕರು. “ಇಷ್ಟೆಲ್ಲ ಯಾಕೆ ಮಾರಾಯ್ರೇ? ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಆಯ್ತಲ್ಲ” ಎಂದರು. ಇದು ಊರೆಲ್ಲ ನಂಬಿರುವ ಉಪಾಯ. ನಾವಿಬ್ಬರೂ ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆವು. ಎಂಜಿನ್ ಏಳುವಾಗ 200 ಆಂಪಿಯರ್ ಮೂರು ಸೆಕೆಂಡು ಹರಿಯಿತೆನ್ನಿ, ಖರ್ಚು 0.17 ಆಂಪಿಯರ್-ಗಂಟೆ. ನಿಂತಲ್ಲಿಯೇ ಮೆಲ್ಲಗೆ ಓಡುವ ಎಂಜಿನ್ ಬ್ಯಾಟರಿಗೆ 10 ಆಂಪಿಯರ್ ಕೊಡುತ್ತದೆನ್ನಿ. ಐದು ನಿಮಿಷಕ್ಕೆ ಜಮೆ 0.83. ನಿವ್ವಳ ಉಳಿದದ್ದು 0.66. ಆದರೆ ವಾರದ ಸೋರಿಕೆ ಐದು ಆಂಪಿಯರ್-ಗಂಟೆ. ಅವರು ಕಾಗದವನ್ನು ಎರಡು ಸಲ ನೋಡಿ, “ಐದು ಖರ್ಚಿಗೆ ಮುಕ್ಕಾಲೂ ಜಮೆ ಇಲ್ಲವಲ್ಲ! ಹಾಗಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು, ಇಲ್ಲದಿದ್ದರೆ ಚಾರ್ಜರ್ ಹಾಕಬೇಕು” ಎಂದರು. ತಮ್ಮ ವ್ಯಾಪಾರಕ್ಕೆ ನಷ್ಟವಾಗುವ ಮಾತನ್ನು ಒಪ್ಪಿಕೊಂಡ ಆ ಸಜ್ಜನರಿಗೆ ನನ್ನ ಗೌರವ ಸಲ್ಲುತ್ತದೆ.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗನಿಗೆ ಈ ಭಾನುವಾರದ ವ್ರತ ಹಳೆಯ ಕಾಲದ್ದೆನಿಸಿತು. “ಅಜ್ಜ, ಇನ್ನು ಕಡ್ಡಿ ಹಿಡಿಯುವುದು ಬೇಡ, ಫೋನಿನಲ್ಲೇ ನೋಡಿ” ಎಂದು ಎರಡನೆಯ ಬ್ಯಾಟರಿಗೆ ಒಂದು ಮಾಪಕವನ್ನು ಜೋಡಿಸಿಕೊಟ್ಟ. ಬ್ಯಾಟರಿಯ ಋಣ ತುದಿಗೂ ತಂತಿಗೂ ನಡುವೆ ಶಂಟ್ ಎಂಬ ಒಂದು ಲೋಹದ ತುಂಡು ಕೂಡುತ್ತದೆ. ಅದರ ಮೂಲಕ ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂಬುದನ್ನು ಯಂತ್ರವು ಸದಾ ಕೂಡುತ್ತ ಕಳೆಯುತ್ತ ಇದ್ದು ಉಳಿಕೆಯನ್ನು ಶೇಕಡಾವಾರು ತೋರಿಸುತ್ತದೆ. ನನಗಿದು ತಕ್ಷಣ ಅರ್ಥವಾಯಿತು. ವೋಲ್ಟು ನೋಡುವುದೆಂದರೆ ಗಲ್ಲಾಪೆಟ್ಟಿಗೆಯನ್ನು ತೆರೆದು ಇರುವ ನಾಣ್ಯವನ್ನು ಅಂದಾಜಿಸುವುದು. ಶಂಟ್ ಎಂದರೆ ನಗದು ಪುಸ್ತಕ.

ಆದರೆ ನಗದು ಪುಸ್ತಕದ ಮಿತಿಯನ್ನು ವ್ಯಾಪಾರಿಗಳು ಬಲ್ಲರು. ಬಾಗಿಲಿನಿಂದ ಬಂದುಹೋದ ಹಣವನ್ನಷ್ಟೇ ಅದು ಬರೆಯುತ್ತದೆ. ಪೆಟ್ಟಿಗೆಯೊಳಗಿನ ನೋಟನ್ನು ಗೆದ್ದಲು ತಿಂದರೆ ಪುಸ್ತಕಕ್ಕೆ ತಿಳಿಯದು. ಬ್ಯಾಟರಿಯ ಒಳಗಿನ ನಷ್ಟ ಶಂಟಿನ ಮೂಲಕ ಹರಿಯುವುದಿಲ್ಲ. ಆದುದರಿಂದ ಮಾಪಕವು ನೂರಕ್ಕೆ ತೊಂಬತ್ತೈದು ಎಂದು ತೋರಿಸುತ್ತಿರುವಾಗಲೇ ಬ್ಯಾಟರಿ ಎಂಬತ್ತಕ್ಕೆ ಇಳಿದಿರುವುದು ಸಾಧ್ಯ. ಪುಸ್ತಕದ ಉಳಿಕೆಯನ್ನೂ ಪೆಟ್ಟಿಗೆಯ ಉಳಿಕೆಯನ್ನೂ ಆಗಾಗ ತಾಳೆ ನೋಡದೆ ಗತಿಯಿಲ್ಲ. ಇದನ್ನು ಹೇಳಿದಾಗ ಮೊಮ್ಮಗ ಒಪ್ಪಿಕೊಂಡ. ಈಗ ಫೋನೂ ಇದೆ, ಭಾನುವಾರದ ಪುಸ್ತಕವೂ ಇದೆ. ಆ ಮಾಪಕದ ಸಂದೇಶ ಶೆಡ್ಡಿನ ಹತ್ತಿರ ಹೋದರೆ ಮಾತ್ರ ಸಿಗುವುದೆಂಬುದು ನನಗೆ ಕೊರತೆಯಾಗಿ ತೋರಲಿಲ್ಲ. ಮನುಷ್ಯ ಅಲ್ಲಿಗೆ ಹೋಗಬೇಕೆಂಬುದೇ ನನ್ನ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುತ್ತೇನೆ.

ಇದೇ ಚಿಂತೆ ಸಮುದ್ರದಾಚೆಯೂ ಉಂಟು. ಕೆನಡಾದ ವಿನ್ನಿಪೆಗ್‌ನಲ್ಲಿರುವ ನಮ್ಮ ಬಂಧುಗಳ ಬಳಿ ಒಂದು ಮನೆಗಾಡಿ ಇದೆ. ಅಡಿಗೆಮನೆ, ಹಾಸಿಗೆ, ಶೌಚಾಲಯಗಳೆಲ್ಲ ಉಳ್ಳ ದೊಡ್ಡ ವಾಹನ. ಬೇಸಿಗೆಯಲ್ಲಿ ಅದರಲ್ಲಿ ಸಂಚರಿಸಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಡುತ್ತಾರೆ. ಶೀತದಲ್ಲಿ ಬ್ಯಾಟರಿ ಒಳಗಿಂದ ಬರಿದಾಗುವುದು ನಿಧಾನ. ಆ ಮಟ್ಟಿಗೆ ಅವರು ನಮಗಿಂತ ಭಾಗ್ಯವಂತರು. ಆದರೆ ಅಲ್ಲಿನ ಅಪಾಯ ಬೇರೆ. ಪೂರ್ಣ ತುಂಬಿದ ಬ್ಯಾಟರಿಯ ಆಮ್ಲ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಬರಿದಾದ ಬ್ಯಾಟರಿಯಲ್ಲಿ ಆಮ್ಲ ನೀರಿನಂತಾಗಿ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೇ ಹೆಪ್ಪುಗಟ್ಟಿ, ಹಿಗ್ಗಿ, ಪೆಟ್ಟಿಗೆಯನ್ನೇ ಸೀಳಬಲ್ಲದು. ಅಲ್ಲಿ ಅಲಕ್ಷ್ಯದ ಫಲ ಒಂದೇ ರಾತ್ರಿಯಲ್ಲಿ ಸದ್ದು ಮಾಡಿ ಬರುತ್ತದೆ. ನಮ್ಮಲ್ಲಿ ಅದು ಮಳೆಯ ಸದ್ದಿನ ಮರೆಯಲ್ಲಿ ಮೌನವಾಗಿ ಬರುತ್ತದೆ.

ಮಳೆಗಾಲದ ಶೆಡ್ಡಿನಲ್ಲಿ ಮಾಡತಕ್ಕದ್ದು ಹೆಚ್ಚೇನಿಲ್ಲ. ದೀರ್ಘಕಾಲ ನಿಲ್ಲಿಸುವುದಾದರೆ ಪೂರ್ಣ ತುಂಬಿಸಿದ ಬಳಿಕ ಋಣ ತುದಿಯ ತಂತಿಯನ್ನು ಮೊದಲು ಕಳಚಬೇಕು. ಮರಳಿ ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು. ಇಲ್ಲವಾದರೆ ಕೈಯಲ್ಲಿರುವ ಸ್ಪ್ಯಾನರು ವಾಹನದ ಮೈಗೆ ತಗಲಿ ಕಿಡಿ ಹಾರೀತು. ಕಾಪುವಿನಂತಹ ಕಡಲತಡಿಯ ಊರುಗಳಲ್ಲಿ ಉಪ್ಪುಗಾಳಿಗೆ ತುದಿಗಳ ಮೇಲೆ ಬಿಳಿ, ಹಸುರು ಬೂಷ್ಟು ಬೇಗ ಕೂಡುವುದರಿಂದ ಒರಸಿ ಗ್ರೀಸು ಹಚ್ಚಬೇಕು. ಕಡಿಮೆಯಾದ ನೀರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬಾವಿಯ ನೀರೂ ಸಲ್ಲದು, ಮಳೆಯ ನೀರೂ ಸಲ್ಲದು. ಬಿಸಿಲಿನ ಫಲಕವನ್ನು ನೆಚ್ಚಿಕೊಂಡವರಿಗೆ ಜುಲೈ ತಿಂಗಳ ಮೋಡ ತಕ್ಕ ಉತ್ತರ ಕೊಡುತ್ತದೆ. ತುಂಬಿದ ಮೇಲೆ ತಾನೇ ತಗ್ಗುವ ಚಾರ್ಜರು ಉತ್ತಮ. ಚಾರ್ಜು ಮಾಡುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೂ ಕಿಡಿ ತಗಲಿದರೆ ಸ್ಫೋಟಿಸಬಲ್ಲದು. ಬಸದಿಗಳಲ್ಲಿ ಇನ್‌ವರ್ಟರಿನ ಬ್ಯಾಟರಿಯನ್ನು ದೀಪದ ಎಣ್ಣೆ, ಊದುಬತ್ತಿಗಳಿರುವ ಮುಚ್ಚಿದ ಕೋಣೆಯಲ್ಲಿ ಇಟ್ಟಿದ್ದರೆ ಟ್ರಸ್ಟಿಗಳು ಅದನ್ನು ಗಾಳಿಯಾಡುವೆಡೆಗೆ ಸ್ಥಳಾಂತರಿಸುವುದು ಒಳಿತು.

ಮನುಷ್ಯನೇ ಹೋಗಬೇಕೆಂದೆನಷ್ಟೆ. ಮಳೆ ಹಿಡಿದಾಗ ಒಣಗಿದ, ಬೆಚ್ಚನೆಯ ಜಾಗವನ್ನರಸಿ ಇಲಿ, ಬೆಕ್ಕಿನ ಮರಿ, ಹಲ್ಲಿ, ಇರುವೆ, ಕೆಲವೊಮ್ಮೆ ಹಾವು ಕೂಡ ಎಂಜಿನಿನ ಸಂದಿಗಳಲ್ಲಿ ಸೇರಿಕೊಳ್ಳುತ್ತವೆ. ತಿಂಗಳುಗಳ ಬಳಿಕ ಯಾರೋ ಬಂದು ನೋಡದೆ ಕೀಲಿ ತಿರುಗಿಸಿದರೆ ಪಟ್ಟಿಗೂ ಫ್ಯಾನಿಗೂ ಸಿಕ್ಕುವುದು ಆ ಜೀವಗಳು. ಪ್ರತಿ ವಾರ ಬಾನೆಟ್ಟು ತೆರೆಯುವ ವಾಹನದಲ್ಲಿ ಅವು ಗೂಡು ಕಟ್ಟುವುದಿಲ್ಲ. ಕಟ್ಟತೊಡಗಿದರೂ ಕಣ್ಣಿಗೆ ಬೀಳುತ್ತವೆ. ಎರಡು ಸಲ ಬಾನೆಟ್ಟನ್ನು ತಟ್ಟಿ, ಬಗ್ಗಿ ನೋಡಿ, ಬಳಿಕ ಎಂಜಿನ್ ಎಬ್ಬಿಸುವುದಕ್ಕೆ ಒಂದು ನಿಮಿಷ ಸಾಕು. ಈ ಕೆಲಸವನ್ನು ಯಾವ ಮಾಪಕವೂ ನಮ್ಮ ಬದಲಿಗೆ ಮಾಡಿಕೊಡುವುದಿಲ್ಲ.

ಇನ್ನು ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆಂಬುದನ್ನು ನೋಡೋಣ. ಅದರ ತೂಕದ ಹೆಚ್ಚಿನ ಪಾಲು ಸೀಸ. ಸೀಸವನ್ನು ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಕ್ರಮಬದ್ಧವಾದ ಕಾರ್ಖಾನೆಯಲ್ಲಿ ಅದು ಸುರಕ್ಷಿತವಾಗಿಯೇ ನಡೆಯುತ್ತದೆ. ಆದರೆ ಗುಜರಿಯ ಹಿತ್ತಿಲಲ್ಲಿ ಪೆಟ್ಟಿಗೆ ಒಡೆದು, ಆಮ್ಲವನ್ನು ಮಣ್ಣಿಗೆ ಚೆಲ್ಲಿ, ತೆರೆದ ಬೆಂಕಿಯಲ್ಲಿ ಕರಗಿಸಿದರೆ ಹೊಗೆ, ಧೂಳು ಎಲ್ಲವೂ ವಿಷ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ನಿರಪಾಯ ಎಂದು ಹೇಳಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದಲ್ಲಿ, ರಾಜಧಾನಿ ದಾಕರ್‌ನ ಅಂಚಿನ ತಿಯಾರೋಯ್-ಸುರ್-ಮೇರ್ ಎಂಬಲ್ಲಿ ಜನರು ಹಳೆಯ ಬ್ಯಾಟರಿಗಳನ್ನು ಒಡೆಯುತ್ತಿದ್ದರು. ಸೀಸ ಬೆರೆತ ಮಣ್ಣನ್ನು ಮನೆಗೆ ತಂದು ಜರಡಿ ಹಿಡಿಯುತ್ತಿದ್ದರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗಿನ ಅವಧಿಯಲ್ಲಿ ಅಲ್ಲಿ 18 ಮಕ್ಕಳು ತೀರಿಕೊಂಡರು. ಆ ಬ್ಯಾಟರಿಗಳ ಒಡೆಯರಲ್ಲಿ ಯಾರೂ ಆ ಮಕ್ಕಳನ್ನು ಕಂಡವರಲ್ಲ, ಅವರಿಗೆ ಕೇಡು ಬಗೆದವರೂ ಅಲ್ಲ.

ನಮ್ಮ ದೇಶದಲ್ಲಿ 2001ರಲ್ಲಿಯೇ ಹಳೆಯ ಬ್ಯಾಟರಿಗಳನ್ನು ಮಾರಾಟಗಾರರು ಮರಳಿ ಪಡೆಯಬೇಕೆಂಬ ನಿಯಮ ಬಂತು. 2022ರ ಹೊಸ ನಿಯಮಗಳು ತಯಾರಕರ ಹೊಣೆಯನ್ನು ಇನ್ನಷ್ಟು ಬಿಗಿಗೊಳಿಸಿದವು. ಬಳಸುವವನೂ ಅದನ್ನು ಮನೆಯ ಕಸದೊಡನೆ ಬೆರೆಸದೆ ಸಂಗ್ರಹಕ್ಕೆ ಒಪ್ಪಿಸಬೇಕು. ಗುಜರಿಯವನು ನೂರು ರೂಪಾಯಿ ಹೆಚ್ಚು ಕೊಡುತ್ತಾನೆಂದು ಅವನ ಕೈಗೆ ಹಾಕುವ ಮುನ್ನ, ಆ ನೂರು ರೂಪಾಯಿ ಯಾರ ಬೊಕ್ಕಸದಿಂದ ಬಂತೆಂದು ಯೋಚಿಸಬೇಕು. ಬ್ಯಾಟರಿಯನ್ನು ಐದು ವರ್ಷ ಬಾಳಿಸಿದವನು ಅಷ್ಟೇ ಕಾಲದಲ್ಲಿ ಎರಡು ಬ್ಯಾಟರಿಗಳನ್ನು ಕೊಂದವನಿಗಿಂತ ಅರ್ಧದಷ್ಟು ಸೀಸವನ್ನು ಮಾತ್ರ ಆ ದಾರಿಗೆ ಕಳುಹಿಸಿದಂತಾಯಿತು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟರು. ಸಮಂತಭದ್ರರು ಶ್ರಾವಕರಿಗಾಗಿ ಅನರ್ಥದಂಡದ ಭೇದಗಳನ್ನು ಎಣಿಸಿದಾಗ ಪ್ರಮಾದಚರ್ಯೆ ಅದರಲ್ಲಿ ಒಂದಾಯಿತು. ಪ್ರಯೋಜನವಿಲ್ಲದೆ ನೀರು ಚೆಲ್ಲುವುದು, ನೆಲ ಅಗೆಯುವುದು, ಬೆಂಕಿ ಉರಿಸುವುದು ಇವು ಅಂದಿನ ಉದಾಹರಣೆಗಳು. ನೋಡದೆ ಬಿಟ್ಟ ಬ್ಯಾಟರಿಯನ್ನು ಇಂದಿನ ಉದಾಹರಣೆಯಾಗಿ ಸೇರಿಸಿದರೆ ತಪ್ಪಾಗದು. ಅದರಿಂದ ಯಾರಿಗೂ ಸುಖವಿಲ್ಲ, ಲಾಭವಿಲ್ಲ. ಹಾನಿ ಮಾತ್ರ ನಿಜ. ಬೇಕಾಗಿ ಮಾಡಿದ ಖರ್ಚಿಗೆ ಒಂದು ಸಮಾಧಾನವಾದರೂ ಇರುತ್ತದೆ. ಇದಕ್ಕೆ ಅದೂ ಇಲ್ಲ.

ಟ್ರಸ್ಟುಗಳ ಆಡಳಿತಗಾರರಲ್ಲಿ ನನ್ನದೊಂದು ಅರಿಕೆ. ಸಮಾಜದ ವಾಹನ ಎಲ್ಲರದೂ ಆಗಿರುವುದರಿಂದಲೇ ಯಾರದೂ ಆಗದೆ ನಿಲ್ಲುತ್ತದೆ. ಮೇ ತಿಂಗಳ ಕೊನೆಯ ಸಭೆಯಲ್ಲಿ ಒಬ್ಬರ ಹೆಸರನ್ನು ಗೊತ್ತುಮಾಡಿ, ಒಂದು ಪುಸ್ತಕ, ಒಂದು ಮಲ್ಟಿಮೀಟರು ಅವರ ಕೈಗೆ ಕೊಡಿರಿ. ತಾರೀಖು, ವೋಲ್ಟು, ನೋಡಿದವರ ಸಹಿ ಎಂದು ಮೂರು ಕಲಮುಗಳು ಸಾಕು. ಇನ್‌ವರ್ಟರಿಗೂ ಅದೇ ಪುಸ್ತಕದಲ್ಲಿ ಒಂದು ಪುಟ ಇರಲಿ. ಪರವೂರಿನಲ್ಲಿರುವ ಬಂಧುಗಳ ಕಾರಿನ ಬೀಗದಕೈ ನಿಮ್ಮಲ್ಲಿದ್ದರೆ, ತಂತಿ ಕಳಚಿಡಲು ಅವರಿಂದ ಇಂದೇ ಒಪ್ಪಿಗೆ ಪಡೆಯಿರಿ. ಮಲ್ಟಿಮೀಟರಿನ ಬೆಲೆ ಕೆಲವು ನೂರು ರೂಪಾಯಿ, ಬ್ಯಾಟರಿಯದು ಹಲವು ಸಾವಿರ. ಉಳಿದ ಲೆಕ್ಕವನ್ನು ರೂಪಾಯಿಯಲ್ಲಿ ಬರೆಯಲು ಬಾರದು. ಆದರೂ ಅದು ನಮ್ಮ ಹೆಸರಿನಲ್ಲಿಯೇ ಬರೆಯಲ್ಪಡುತ್ತದೆ.